ಥ್ರೆಡ್‌ನಿಂದ ಲೇಬಲ್ ಬದಲಿಸಿದರೆ ವಿಂಡೋ ಫ್ರೀಜ್, ಯಾರಾದ್ರೂ ನೋಡಿ

ಖಾಲಿಪಾಯಿಂಟರ್: ತಲೆ ಕೆಟ್ಟುಹೋಗಿದೆ. ದೊಡ್ಡ ಫೈಲ್ ಓದುವ ಕೆಲಸವನ್ನು ಬೇರೆ ಥ್ರೆಡ್‌ಗೆ (ಒಂದೇ ಪ್ರೋಗ್ರಾಂ ಒಳಗೆ ಪಕ್ಕದಲ್ಲೇ ಓಡುವ ಇನ್ನೊಂದು ಕೆಲಸದ ಸಾಲು) ಹಾಕಿದ್ದೇನೆ. ಒಂದೊಂದು ಸಾಲು ಓದಿದಾಗಲೂ ಲೇಬಲ್‌ನಲ್ಲಿ ಸಂಖ್ಯೆ ಬದಲಾಗಬೇಕು, ಅಷ್ಟೇ. ಬಟನ್ ಒತ್ತಿದ ಕೂಡಲೇ ‘ನಾಟ್ ರೆಸ್ಪಾಂಡಿಂಗ್’. ಕೋಡ್ ಎಲ್ಲಾ ಸರಿಯಾಗೇ ಇದೆ.

ಹಳೇಹುಲಿ: ಇನ್ವೋಕ್ ಹಾಕಿ, ಅಂದ್ರೆ ಲೇಬಲ್ ಬದಲಿಸುವುದನ್ನು ಅದರ ಥ್ರೆಡ್‌ಗೇ ಕೊಟ್ಟು ಮುಗಿಯುವವರೆಗೆ ಕಾಯುವುದು. ಕಂಟ್ರೋಲ್ (ಲೇಬಲ್, ಬಟನ್ ಇಂಥವು) ಹುಟ್ಟಿದ ಥ್ರೆಡ್ ಬಿಟ್ಟು ಬೇರೆ ಥ್ರೆಡ್ ಅದನ್ನು ಮುಟ್ಟಬಾರದು.

ಸೆಮಿಕೋಲನ್: ವಿಂಡೋ ಯಾವ ಟೂಲ್‌ಕಿಟ್‌ನಲ್ಲಿ ಬರೆದಿದ್ದೀರಿ ಅಂತಲೇ ಹೇಳಿಲ್ವಲ್ಲ? ಕ್ಯೂಟಿ ಆದರೆ ಸಿಗ್ನಲ್ ಸ್ಲಾಟ್, ಟಿಕಿಂಟರ್ ಆದರೆ ಕ್ಯೂ ಇಟ್ಟುಕೊಂಡು ಆಫ್ಟರ್.

ಖಾಲಿಪಾಯಿಂಟರ್: ಡಾಟ್‌ನೆಟ್‌ನ ವಿನ್‌ಫಾರ್ಮ್ಸ್, ಇನ್ನೇನು.

ಹಳೇಹುಲಿ: ಹಾಗಾದ್ರೆ ಇನ್ವೋಕೇ.

ಖಾಲಿಪಾಯಿಂಟರ್: ಇನ್ವೋಕ್ ಇದ್ದೇ ಇದೆ ಸಾರ್. ಅದಿಲ್ಲದಾಗ ವಿಷುವಲ್ ಸ್ಟುಡಿಯೋದಲ್ಲಿ ಕ್ರಾಸ್ ಥ್ರೆಡ್ ಎರರ್ ಬರುತ್ತಿತ್ತು. ಇಎಕ್ಸ್‌ಇ ನೇರ ಓಡಿಸಿದರೆ ಬರುತ್ತಿರಲಿಲ್ಲ.

ರ್‍ಯಾಮ್‌ರಾಜ: ‘ಚೆಕ್ ಫಾರ್ ಇಲ್ಲೀಗಲ್ ಕ್ರಾಸ್ ಥ್ರೆಡ್ ಕಾಲ್ಸ್’ ಫಾಲ್ಸ್ ಮಾಡಿ, ಮುಗೀತು. ನನ್ನದು 64 ಜಿಬಿ ರ್‍ಯಾಮ್, ಮೂರು ಮಾನಿಟರ್. ಯಾವತ್ತೂ ಹ್ಯಾಂಗ್ ಆಗಿಲ್ಲ.

ಸೆಮಿಕೋಲನ್: ಆ ಚೆಕ್ ಡಿಬಗರ್ (ತಪ್ಪು ಹುಡುಕುವ ಟೂಲ್) ಇದ್ದಾಗ ಮಾತ್ರ ತಾನಾಗಿ ಆನ್ ಇರುತ್ತದೆ. ಅದಕ್ಕೇ ಇಎಕ್ಸ್‌ಇ ಸುಮ್ಮನಿತ್ತು. ಆಫ್ ಮಾಡಿದರೆ ಎರರ್ ಕಾಣಲ್ಲ, ತಪ್ಪು ಹಾಗೇ ಉಳಿಯುತ್ತದೆ. ಮಾನಿಟರ್‌ಗೂ ಇದಕ್ಕೂ ಏನು ಸಂಬಂಧ?

ಹಳೇಹುಲಿ: ಇಷ್ಟೆಲ್ಲಾ ಯಾಕೆ, ಬ್ಯಾಕ್‌ಗ್ರೌಂಡ್ ವರ್ಕರ್ ಬಳಸಿ. 2005ರಿಂದ ಇದೆ.

ಸೆಮಿಕೋಲನ್: ವಿಂಡೋ ನಿಲ್ಲಿಸದೆ ಕಾಯೋಕೆ 2012ರಲ್ಲೇ ಅಸಿಂಕ್ ಅವೈಟ್ ಬಂತು ಯಜಮಾನ್ರೇ.

ಹಳೇಹುಲಿ: ಓಡುತ್ತಿರುವುದನ್ನು ಯಾಕೆ ಬದಲಿಸಬೇಕು?

ಕಟ್ಟುಗಂಟು: ಜಗಳ ಆಮೇಲೆ. ಬಟನ್ ಕ್ಲಿಕ್‌ನ ಕೋಡ್ ಪೂರ್ತಿ ಹಾಕಿ.

ಖಾಲಿಪಾಯಿಂಟರ್: ಅದರಲ್ಲೇನಿದೆ? ಥ್ರೆಡ್ ಸ್ಟಾರ್ಟ್, ಆಮೇಲೆ ಜಾಯಿನ್, ಕೊನೆಗೆ ‘ಮುಗಿಯಿತು’ ಅಂತ ಮೆಸೇಜ್ ಬಾಕ್ಸ್.

ಕಟ್ಟುಗಂಟು: ಜಾಯಿನ್! ಯುಐ ಥ್ರೆಡ್ (ವಿಂಡೋ ನಡೆಸುವ ಮೇನ್ ಥ್ರೆಡ್) ಅಲ್ಲೇ ನಿಂತು ಕೆಲಸ ಮುಗಿಯಲಿ ಅಂತ ಕಾಯುತ್ತಿದೆ. ಕೆಲಸದ ಥ್ರೆಡ್ ಇನ್ವೋಕ್‌ನಲ್ಲಿ ನಿಂತು ಯುಐ ಬಿಡುವಾಗಲಿ ಅಂತ ಕಾಯುತ್ತಿದೆ. ಡೆಡ್‌ಲಾಕ್. ಹ್ಯಾಂಗ್ ಆದಾಗ ಡಿಬಗರ್‌ನಲ್ಲಿ ಬ್ರೇಕ್ ಆಲ್ ಒತ್ತಿ ಥ್ರೆಡ್ಸ್ ವಿಂಡೋ ನೋಡಿ, ಮೇನ್ ಥ್ರೆಡ್ ಜಾಯಿನ್ ಸಾಲಿನಲ್ಲೇ ಸಿಗುತ್ತದೆ. ಜಾಯಿನ್ ತೆಗೆದು, ಬಟನ್ ಕ್ಲಿಕ್ ಹ್ಯಾಂಡ್ಲರ್‌ನ ಅಸಿಂಕ್ ಮಾಡಿ, ಫೈಲ್ ಓದುವುದನ್ನು ಟಾಸ್ಕ್ ರನ್‌ಗೆ ಕೊಟ್ಟು ಅದಕ್ಕೆ ಅವೈಟ್ ಹಾಕಿ.

ರ್‍ಯಾಮ್‌ರಾಜ: ಕಾಯದೆ ಕಳಿಸಿಬಿಡುವ ಬಿಗಿನ್‌ಇನ್ವೋಕ್ ಹಾಕಿದ್ರೆ ಸಾಕಲ್ವಾ?

ಕಟ್ಟುಗಂಟು: ಡೆಡ್‌ಲಾಕ್ ತಪ್ಪುತ್ತದೆ, ಆದರೆ ಜಾಯಿನ್ ಇರುವವರೆಗೆ ವಿಂಡೋ ಅಲ್ಲಾಡಲ್ಲ. ಸಾಲಿಗೊಂದು ಕಳಿಸಿದರೆ ಮೆಸೇಜ್ ಕ್ಯೂ ಬೇರೆ ತುಂಬುತ್ತದೆ. 100 ಮಿಲಿಸೆಕೆಂಡಿಗೊಮ್ಮೆ ಕಳಿಸಿ, ಕಣ್ಣಿಗೆ ಅಷ್ಟು ಸಾಕು. ಎಷ್ಟಾಯಿತು ಅಂತ ಯುಐಗೆ ತಿಳಿಸುವ ಪ್ರೋಗ್ರೆಸ್ ಆಬ್ಜೆಕ್ಟ್ ಬಳಸುವುದಾದರೆ ಬಟನ್ ಕ್ಲಿಕ್ ಒಳಗೇ ಸೃಷ್ಟಿಸಿ. ಟಾಸ್ಕ್ ಒಳಗೆ ಮಾಡಿದರೆ ಅದಕ್ಕೆ ಯುಐ ಥ್ರೆಡ್ ಸಿಗಲ್ಲ.

ಖಾಲಿಪಾಯಿಂಟರ್: ಈಗ ಓಡುತ್ತಿದೆ. ಆದರೆ ಅರ್ಧದಲ್ಲಿ ವಿಂಡೋ ಮುಚ್ಚಿದರೆ ‘ಆಬ್ಜೆಕ್ಟ್ ಡಿಸ್ಪೋಸ್ಡ್’ (ಮುಚ್ಚಿಹೋದದ್ದನ್ನು ಮುಟ್ಟಿದೆ) ಅಂತ ಎರರ್ ಬೀಳುತ್ತದೆ.

ಹಳೇಹುಲಿ: ಬ್ಯಾಕ್‌ಗ್ರೌಂಡ್ ವರ್ಕರ್‌ನಲ್ಲಿ ಕ್ಯಾನ್ಸಲ್ ಇದೆ. ಆಗಲೇ ಹೇಳಿದೆ.

ಸೆಮಿಕೋಲನ್: ಟಾಸ್ಕ್ ಅರ್ಧದಲ್ಲಿ ನಿಲ್ಲಿಸೋಕೆ ಕ್ಯಾನ್ಸಲೇಷನ್ ಟೋಕನ್ ಅಂತ ಒಂದಿದೆ ಯಜಮಾನ್ರೇ.