ಮಾಲ್ಡೀವ್ಸ್‌ಗೆ ಹೋಗು, ಆದರೆ 26ರ ಒಳಗೆ ವಾಪಸ್ ಬಾ

ಪುಟ್ಟೀ, ಕೇಳಿಸುತ್ತಿದೆಯಾ? ನಾನು ಮಗಳ ಸ್ಕೂಲ್ ಗೇಟ್ ಹತ್ತಿರ ಗಾಡಿಯಲ್ಲಿ ಕೂತಿದ್ದೇನೆ, ಬಿಡುವುದಕ್ಕೆ ಇನ್ನೂ ಅರ್ಧ ಗಂಟೆ ಇದೆ. ಟೈಪ್ ಮಾಡಲು ಶುರು ಮಾಡಿದೆ, ಮುಗಿಯುವ ಹಾಗೆ ಕಾಣಲಿಲ್ಲ, ಅದಕ್ಕೆ ಬಾಯಲ್ಲೇ ಹೇಳಿಬಿಡುತ್ತೇನೆ. ಉದ್ದ ಆಗುತ್ತದೆ. ಬೇಡದವರು ಮುಂದೆ ಓಡಿಸಿಕೊಳ್ಳಿ. ಚಿಕ್ಕಪ್ಪ, ನೀವಲ್ಲ, ನೀವು ಪೂರ್ತಿ ಕೇಳಬೇಕು.

ನಿನ್ನೆ ರಾತ್ರಿ ನೀನು ಕೇಳಿದ್ದು ಇಷ್ಟು ತಾನೆ: ಜನವರಿ 22ರಿಂದ 28, ಗಣರಾಜ್ಯೋತ್ಸವದ ರಜೆ ಸೇರಿಸಿಕೊಂಡು, ಮಾರಿಷಸ್ ಇಲ್ಲಾ ಮಾಲ್ಡೀವ್ಸ್, ಪಾಪುವನ್ನು ಕಟ್ಟಿಕೊಂಡು ಹೋಗುವುದು ಆಗುತ್ತದಾ ಅಂತ. ದೊಡ್ಡಮ್ಮ "ಎರಡು ವರ್ಷ ತುಂಬಲಿ, ಆಮೇಲೆ ನೋಡಿದರಾಯಿತು" ಅಂದರು. ಚಿಕ್ಕಪ್ಪ "ಅಂಡಮಾನ್‌ನಲ್ಲಿ ಇರುವುದೂ ಅದೇ ನೀರು" ಅಂದರು. ನಿನ್ನ ತಮ್ಮ ನೀರಿನ ಮೇಲೆ ಕಟ್ಟಿದ ಮನೆಯ ರೀಲ್ ಹಾಕಿ ಮಲಗಿಬಿಟ್ಟ.

ಆಗುತ್ತದೆ ಕಣೇ. ಮಾಲ್ಡೀವ್ಸ್‌ಗೆ ಹೋಗಿ. ಆದರೆ ಆ ಡೇಟ್ ಬೇಡ, ಆ ರೀಲ್‌ನ ಮನೆಯೂ ಬೇಡ.

ಮೊದಲು ಡೇಟ್ ಮಾತಾಡೋಣ. ಪಾಪುಗೆ ಎರಡು ತುಂಬುವುದು ಜನವರಿ 26ಕ್ಕೆ ಅಲ್ವಾ? ಎರಡು ತುಂಬುವ ತನಕ ಮಗು ನಿನ್ನ ತೊಡೆಯ ಮೇಲೆ ಕೂತು ಹೋಗಬಹುದು, ಶಿಶು ಟಿಕೆಟ್ ಅಂತ ಸ್ವಲ್ಪ ದುಡ್ಡು ತೆಗೆದುಕೊಳ್ಳುತ್ತಾರೆ. ತುಂಬಿದ ದಿನದಿಂದ ಅದಕ್ಕೂ ಒಂದು ಸೀಟ್, ಅದಕ್ಕೂ ಒಂದು ಟಿಕೆಟ್. ನೀನು 22ಕ್ಕೆ ಹೋಗಿ 28ಕ್ಕೆ ಬಂದರೆ ಹೋಗುವಾಗ ತೊಡೆ, ಬರುವಾಗ ಸೀಟ್. ಏನೂ ಹೇಳದೆ ಎರಡೂ ಕಡೆಗೆ ಶಿಶು ಟಿಕೆಟ್ ತೆಗೆದುಕೊಂಡು ಹೋದರೆ ವಾಪಸ್ ಬರುವ ದಿನ ಕೌಂಟರ್‌ನಲ್ಲಿ ನಿಲ್ಲಿಸುತ್ತಾರೆ, ಆವತ್ತಿನ ರೇಟಿಗೆ ಸೀಟ್ ಕೊಳ್ಳಬೇಕಾಗುತ್ತದೆ. ಇನ್ನೂ ಒಂದಿದೆ. ಮಾಲ್ಡೀವ್ಸ್‌ನಲ್ಲಿ ಗ್ರೀನ್ ಟ್ಯಾಕ್ಸ್ ಅಂತ ಹಾಕುತ್ತಾರೆ, 2025ರಿಂದ ರೆಸಾರ್ಟ್‌ಗಳಲ್ಲಿ ತಲೆಗೆ ದಿನಕ್ಕೆ 12 ಡಾಲರ್. ಎರಡು ವರ್ಷದ ಒಳಗಿನ ಮಕ್ಕಳಿಗೆ ಅದೂ ಇಲ್ಲ. ಹಾಗಾಗಿ ದೊಡ್ಡಮ್ಮ, ಎರಡು ತುಂಬಲಿ ಅಂತ ಕಾದರೆ ಖರ್ಚು ಜಾಸ್ತಿ! ಸಂಕ್ರಾಂತಿ ಮನೆಯಲ್ಲೇ ಮುಗಿಸಿ, ಎಳ್ಳು ಬೀರಿ, ಪಾಪುಗೆ ಎಲಚಿ ಹಣ್ಣು ಎರೆದು, 17ಕ್ಕೆ ಹೊರಡಿ. 22ಕ್ಕೆ ವಾಪಸ್ ಬನ್ನಿ. ಹುಟ್ಟುಹಬ್ಬಕ್ಕೆ ಎಲ್ಲರೂ ನಿಮ್ಮ ಮನೆಗೆ ಬರುತ್ತೇವೆ.

ಮಾರಿಷಸ್ ಯಾಕೆ ಬೇಡ ಅನ್ನುತ್ತಿದ್ದೇನೆ ಅಂದರೆ, ನಾವು ಹೋಗಿ ಬಂದವರು. ಫೋಟೋ ನೋಡಿ ನೀವೆಲ್ಲ ಆಹಾ ಅಂದಿರಿ. ಫೋಟೋ ತೆಗೆಯದ ಹೊತ್ತಿನಲ್ಲಿ ಏನಾಯಿತು ಅಂತ ನಿಮ್ಮ ಭಾವನಿಗೂ ನನಗೂ ಗೊತ್ತು.

ಮಗಳಿಗೆ ಆಗ ಒಂದು ಮುಕ್ಕಾಲು ವರ್ಷ. ತುಮಕೂರಿನ ಬಟವಾಡಿಯಿಂದ ಮಧ್ಯಾಹ್ನ ಊಟ ಮುಗಿಸಿ ಹೊರಟವರು ನಾವು. ಡಾಬಸ್‌ಪೇಟೆಯಲ್ಲಿ ತಿರುಗಿ, ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿ. ಅಲ್ಲಿಂದ ಮುಂಬೈ. ಮುಂಬೈನಲ್ಲಿ ಅರ್ಧ ರಾತ್ರಿ ಕುರ್ಚಿಯ ಮೇಲೆ. ಅಲ್ಲಿಂದ ಆರು ಗಂಟೆ ವಿಮಾನ. ಇಳಿದ ಮೇಲೆ ವ್ಯಾನ್‌ನಲ್ಲಿ ಒಂದು ಗಂಟೆ. ಪ್ರತಿ ಸಲ ಅವಳು ನಿದ್ದೆ ಹೋದಳು ಅನ್ನುವಷ್ಟರಲ್ಲಿ ನಾವು ಎತ್ತಿಕೊಂಡು ಇನ್ನೊಂದಕ್ಕೆ ಹತ್ತಿಸಬೇಕು. ಕೊನೆಗೆ ಹೋಟೆಲ್ ಸೇರಿದರೆ ರೂಮ್ ಕೊಡುವುದು ಮಧ್ಯಾಹ್ನ ಎರಡು ಗಂಟೆಗೆ ಅಂದರು. ಬೆಳಗ್ಗೆ ಬಂದಿಳಿದವರು ಎಲ್ಲಿಗೆ ಹೋಗಬೇಕು? ಲಾಬಿ ಸೋಫಾದ ಮೇಲೆ ನನ್ನ ವೇಲ್ ಹೊದಿಸಿ ಮಲಗಿಸಿದೆ.

ಅದು ಜುಲೈ. ಮಾರಿಷಸ್ ಭೂಮಧ್ಯ ರೇಖೆಯ ಆ ಕಡೆ ಇದೆ, ನಮ್ಮ ಜುಲೈ ಅಲ್ಲಿ ಚಳಿಗಾಲ. ಚಳಿ ಅಂದರೆ ನಮ್ಮ ದೇವರಾಯನದುರ್ಗದಲ್ಲಿ ಬೆಳಗ್ಗೆ ಇರುವಷ್ಟು, ದೊಡ್ಡವರಿಗೆ ಚೆನ್ನಾಗಿಯೇ ಇರುತ್ತದೆ. ಆದರೆ ಆ ತಿಂಗಳುಗಳಲ್ಲಿ ಗಾಳಿ ಆಗ್ನೇಯ ದಿಕ್ಕಿಂದ ಬಿಡದೆ ಬೀಸುತ್ತದೆ, ಪೂರ್ವದ ಕರಾವಳಿಗೆ ನೇರವಾಗಿ ಹೊಡೆಯುತ್ತದೆ. ನಮಗೆ ಟಿಕೆಟ್ ಮಾಡಿಸಿಕೊಟ್ಟವರು ಪೂರ್ವದ ಬೀಚ್‌ನಲ್ಲೇ ಹೋಟೆಲ್ ಹಾಕಿದ್ದರು, ಮರಳು ಬೆಳ್ಳಗಿದೆ ಅಂತ. ಮರಳು ಬೆಳ್ಳಗೇ ಇತ್ತು, ಮಗಳ ಕಣ್ಣೊಳಗೂ ಇತ್ತು. ನೀರಿಗೆ ಇಳಿಸಿದರೆ ತುಟಿ ನೀಲಿ. ನಾಲ್ಕು ದಿನದಲ್ಲಿ ಸಮುದ್ರದಲ್ಲಿ ಕೂತದ್ದು ಒಟ್ಟು ಒಂದು ಗಂಟೆ ಇರಬಹುದು. ಉತ್ತರದಲ್ಲಿ ತ್ರೂ ಓ ಬಿಶ್, ಪಶ್ಚಿಮದಲ್ಲಿ ಫ್ಲಿಕ್ ಆಂ ಫ್ಲಾಕ್, ಆ ಕಡೆ ಗಾಳಿ ಕಡಿಮೆ, ಹವಳದ ದಿಬ್ಬ ಅಲೆಯನ್ನು ಹೊರಗೇ ತಡೆಯುತ್ತದೆ, ಮಕ್ಕಳಿಗೆ ಹೇಳಿ ಮಾಡಿಸಿದ ಹಾಗೆ. ಇದೆಲ್ಲ ನನಗೆ ಅಲ್ಲಿಗೆ ಹೋದ ಮೇಲೆ ಟ್ಯಾಕ್ಸಿಯವರು ಹೇಳಿದ್ದು. ಇನ್ನು ನೀನು ಹೇಳುವ ಜನವರಿ ಅಲ್ಲಿ ಚಂಡಮಾರುತ ಹೆಚ್ಚು ಬರುವ ಕಾಲ, ಮಾರ್ಚ್‌ವರೆಗೂ. ಬಂದೇ ಬರುತ್ತದೆ ಅಂತಲ್ಲ. ಆದರೆ ಬಂದರೆ ಮಗು ಇಟ್ಟುಕೊಂಡು ರೂಮಿನೊಳಗೆ ಬಾಗಿಲು ಹಾಕಿಕೊಂಡು ಕೂರಬೇಕು.

ಗಡಿಯಾರದ ವಿಷಯ ಯಾರೂ ಹೇಳುವುದಿಲ್ಲ. ಮಾರಿಷಸ್ ನಮಗಿಂತ ಒಂದೂವರೆ ಗಂಟೆ ಹಿಂದೆ. ಇಲ್ಲಿ ಆರಕ್ಕೆ ಏಳುವ ಮಗಳು ಅಲ್ಲಿ ನಾಲ್ಕೂವರೆಗೆ ಎದ್ದು "ಅಮ್ಮ, ಬೂವ" ಅಂತ ಕೂತಳು. ದಿನಾಲೂ. ನಾಲ್ಕೂವರೆಗೆ ಯಾವ ಹೋಟೆಲ್‌ನಲ್ಲಿ ತಿಂಡಿ ಸಿಗುತ್ತದೆ ಹೇಳು? ಕ್ಯಾತ್ಸಂದ್ರದಲ್ಲಾದರೂ ಅಷ್ಟು ಹೊತ್ತಿಗೆ ತಟ್ಟೆ ಇಡ್ಲಿಗೆ ಒಲೆ ಹೊತ್ತಿಸಿರುತ್ತಾರೇನೋ.

ಅವತ್ತಿನಿಂದ ನಾನು ಹಾಕುವುದು ಒಂದೇ ಲೆಕ್ಕ. ಮನೆ ಬಾಗಿಲಿಂದ ಅಲ್ಲಿನ ಹಾಸಿಗೆಯವರೆಗೆ ಮಗುವನ್ನು ಎಷ್ಟು ಸಲ ಇಳಿಸಿ ಹತ್ತಿಸಬೇಕು? ಸಮುದ್ರದ ಬಣ್ಣ ಆಮೇಲೆ. ಎರಡು ವರ್ಷದ ಮಗುವಿಗೆ ಬಕೆಟ್, ಮರಳು, ಮೊಣಕಾಲುದ್ದ ನೀರು ಸಿಕ್ಕರೆ ಮುಗಿಯಿತು, ಅದು ಹವಳದ ದ್ವೀಪವೋ ಅಮಾನಿಕೆರೆ ಪಾರ್ಕೋ ಅದಕ್ಕೆ ಎರಡೂ ಒಂದೇ.

ಆ ಲೆಕ್ಕದಲ್ಲಿ ಮಾಲ್ಡೀವ್ಸ್ ಗೆಲ್ಲುತ್ತದೆ. ದೇವನಹಳ್ಳಿಯಿಂದ ನೇರ ವಿಮಾನ ಸಿಕ್ಕರೆ ಎರಡು ಗಂಟೆ ಆಸುಪಾಸು. ಗಡಿಯಾರ ಅರ್ಧ ಗಂಟೆ ಮಾತ್ರ ಹಿಂದೆ. ಕೆಲವು ರೆಸಾರ್ಟ್‌ನವರು ತಮ್ಮ ದ್ವೀಪಕ್ಕೆ ಅಂತ ಒಂದು ಗಂಟೆ ಮುಂದೆ ತಿರುಗಿಸಿಕೊಂಡಿರುತ್ತಾರೆ, ದೋಣಿ ಸಮಯ ಕೇಳುವಾಗ ಯಾರ ಗಡಿಯಾರ ಅಂತ ಕೇಳಿಕೋ. ಜನವರಿ ಅಲ್ಲಿ ಮಳೆ ಕಡಿಮೆ ಇರುವ ಕಾಲ. ವೀಸಾಗೆ ಮೊದಲೇ ಓಡಾಡುವುದು ಇಲ್ಲ, ಇಳಿದ ಮೇಲೆ ಪುಕ್ಕಟೆ ಕೊಡುತ್ತಾರೆ. ಹೊರಡುವ ಮುಂಚಿನ 96 ಗಂಟೆಯೊಳಗೆ ಇಮುಗಾ ಅನ್ನುವ ಸರ್ಕಾರಿ ಫಾರ್ಮ್ ಆನ್‌ಲೈನ್‌ನಲ್ಲಿ ತುಂಬಬೇಕು, ಬರುವಾಗಲೂ ತುಂಬಬೇಕು. ಅದಕ್ಕೆ ಕಾಸಿಲ್ಲ. ದುಡ್ಡು ಕೇಳುವ ಸೈಟ್ ಬಂದರೆ ಅದು ಬೇರೆಯವರದು, ಮುಚ್ಚಿಬಿಡು.

ಆದರೆ ಇಲ್ಲೊಂದು ಗುಂಡಿ ಇದೆ. ಮಾಲೆ ಏರ್‌ಪೋರ್ಟ್ ಇರುವುದೇ ಒಂದು ದ್ವೀಪದಲ್ಲಿ. ಅಲ್ಲಿಂದ ನಿಮ್ಮ ದ್ವೀಪಕ್ಕೆ ಸ್ಪೀಡ್‌ಬೋಟ್, ಇಲ್ಲಾ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ. ಆ ವಿಮಾನ ಹಗಲು ಹೊತ್ತು ಮಾತ್ರ ಹಾರುವುದು. ಸಂಜೆ ಮಾಲೆಗೆ ಇಳಿದರೆ ರಾತ್ರಿ ಅಲ್ಲೇ ಎಲ್ಲಾದರೂ ಉಳಿಯಬೇಕು, ಅಂದರೆ ಇನ್ನೆರಡು ಸಲ ಇಳಿಸು, ಹತ್ತಿಸು. ಆ ಸಣ್ಣ ವಿಮಾನದೊಳಗೆ ಸದ್ದೂ ಜಾಸ್ತಿ, ಸೆಕೆಯೂ ಜಾಸ್ತಿ. ಏರ್‌ಪೋರ್ಟ್‌ನಿಂದ ಸ್ಪೀಡ್‌ಬೋಟ್‌ನಲ್ಲಿ ಅರ್ಧ ಗಂಟೆಯೊಳಗೆ ಸೇರುವ ರೆಸಾರ್ಟ್ ಹುಡುಕು. ಬುಕ್ ಮಾಡುವ ಮುಂಚೆ ಎರಡೇ ಪ್ರಶ್ನೆ ಮೇಲ್ ಮಾಡು: ಬೋಟ್‌ನಲ್ಲಿ ಎರಡು ವರ್ಷದ ಮಗುವಿನ ಅಳತೆಯ ಲೈಫ್ ಜಾಕೆಟ್ ಇದೆಯಾ, ದ್ವೀಪದಲ್ಲಿ ಡಾಕ್ಟರ್ ಇರುತ್ತಾರಾ. ಮಾಲೆಯಲ್ಲಿ ನಮ್ಮ ದೇಶದ ನೆರವಿನಿಂದ ಕಟ್ಟಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ ಇದೆ, ಆದರೆ ರಾತ್ರಿ ಎರಡಕ್ಕೆ ಜ್ವರ ಬಂದರೆ ಅಲ್ಲಿಗೆ ದೋಣಿಯಲ್ಲೇ ಹೋಗಬೇಕು. ಎಷ್ಟು ದೂರ ಅನ್ನುವುದು ಆಗ ಲೆಕ್ಕಕ್ಕೆ ಬರುತ್ತದೆ.

ಈಗ ನಿನ್ನ ತಮ್ಮನ ರೀಲ್. ನೀರಿನ ಮೇಲಿನ ಮನೆ. ಅಲ್ಲಿ ಕೂರುವ ಜಗಲಿಗೆ ಎಷ್ಟೋ ಕಡೆ ಕಂಬಿಯೇ ಇರುವುದಿಲ್ಲ, ಮೆಟ್ಟಿಲು ನೇರ ಸಮುದ್ರಕ್ಕೆ. ಅದಕ್ಕೇ ಬಹಳ ರೆಸಾರ್ಟ್‌ಗಳು ಚಿಕ್ಕ ಮಕ್ಕಳಿದ್ದರೆ ಅದನ್ನು ಕೊಡುವುದಿಲ್ಲ, ಕೊಟ್ಟರೂ ಏನಾದರೂ ಆದರೆ ನಾವು ಜವಾಬ್ದಾರರಲ್ಲ ಅಂತ ಸಹಿ ಹಾಕಿಸಿಕೊಳ್ಳುತ್ತಾರೆ. ಸಹಿ ಹಾಕಿ ರಾತ್ರಿ ನಿದ್ದೆ ಮಾಡುತ್ತೀಯಾ ನೀನು? ನನಗಂತೂ ಬರುವುದಿಲ್ಲ. ಮರಳಿನ ಮೇಲಿನ ಮನೆ ತಗೋ. ಅಲ್ಲೂ ನೀರು ಇಪ್ಪತ್ತು ಹೆಜ್ಜೆಯಲ್ಲೇ ಇರುತ್ತದೆ. ನಮ್ಮ ಕಡೆ ಕೆರೆ ಕಟ್ಟೆ ಹತ್ತಿರ ಹೋಗಬೇಡ ಅಂತ ಹೆದರಿಸಿ ಮಕ್ಕಳನ್ನು ಬೆಳೆಸುತ್ತೇವೆ, ಅಲ್ಲಿ ನಾವೇ ಕರೆದುಕೊಂಡು ಹೋಗಿ ಪಕ್ಕದಲ್ಲಿ ಮಲಗಿಸುತ್ತೇವೆ. ಬಾಗಿಲಿನ ಮೇಲ್ಗಡೆ ಚಿಲಕ ಇದೆಯಾ ನೋಡು, ಇಲ್ಲದಿದ್ದರೆ ಸೂಟ್‌ಕೇಸ್ ಅಡ್ಡ ಇಡು. ಸಿನಿಮಾದಲ್ಲಿ ತೋರಿಸುವ ಹಾಗೆ ಮಗು ನೀರಲ್ಲಿ ಕೂಗುವುದಿಲ್ಲ ಕಣೇ, ಸದ್ದೇ ಇಲ್ಲದೆ ಮುಳುಗುತ್ತದೆ. ನಾನೂ ನಿಮ್ಮ ಭಾವನೂ ಒಂದು ಮಾತು ಮಾಡಿಕೊಂಡಿದ್ದೆವು, ಕೈಲಿ ಫೋನ್ ತೆಗೆದುಕೊಳ್ಳುವ ಮುಂಚೆ "ಈಗ ನಿನ್ನ ಸರದಿ" ಅಂತ ಬಾಯಿಬಿಟ್ಟು ಹೇಳಬೇಕು, ಇನ್ನೊಬ್ಬರು "ಹೂಂ" ಅನ್ನಬೇಕು. ಇಬ್ಬರೂ ಇದ್ದಾಗಲೇ ಇಬ್ಬರೂ ನೋಡುತ್ತಿರುವುದಿಲ್ಲ.

ಊಟಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡ. ಅನ್ನ, ಬೇಳೆ ಸಿಗುತ್ತದೆ, ಅವರ ರೋಶಿ ಅನ್ನುವುದು ನಮ್ಮ ಚಪಾತಿಯ ತಂಗಿ. ಆದರೂ ರಾಗಿ ಸರಿ ಹಿಟ್ಟು ಒಂದು ಡಬ್ಬ, ಹುರಿಹಿಟ್ಟು ಒಂದು ಡಬ್ಬ. ರೂಮಲ್ಲಿ ಬಿಸಿನೀರಿನ ಕೆಟಲ್ ಇದ್ದರೆ ಸಾಕು, ಎಷ್ಟು ಹೊತ್ತಿಗೆ ಎದ್ದರೂ ಬೂವ ರೆಡಿ. ಅಲ್ಲಿನ ಪ್ಲಗ್ ಮೂರು ಚಪ್ಪಟೆ ಕಡ್ಡಿಯದು, ಅಡಾಪ್ಟರ್ ಮರೆಯಬೇಡ. ಸಮುದ್ರಕ್ಕೆ ಮಾಮೂಲಿ ಡೈಪರ್ ಹಾಕಿದರೆ ನೀರು ಕುಡಿದು ಕುಂಬಳಕಾಯಿ ಆಗುತ್ತದೆ, ಈಜುವ ಡೈಪರ್ ಅಂತಲೇ ಬರುತ್ತದೆ, ಇಲ್ಲಿಂದಲೇ ಒಯ್ಯಿ, ದ್ವೀಪದ ಅಂಗಡಿಯಲ್ಲಿ ಎಲ್ಲವೂ ಹೊರಗಿಂದ ಬಂದ ಮಾಲು, ಬೆಲೆ ಕೇಳಬಾರದು. ಓಆರ್‌ಎಸ್ ನಾಲ್ಕು ಪ್ಯಾಕೆಟ್. ಜ್ವರದ ಸಿರಪ್, ಪಾಪುವಿನ ತೂಕಕ್ಕೆ ಎಷ್ಟು ಅಂತ ನಿಮ್ಮ ಡಾಕ್ಟರ್ ಹತ್ತಿರ ಚೀಟಿ ಬರೆಸಿಕೋ. ವಿಮಾನ ಇಳಿಯುವಾಗ ಹಾಲು ಕುಡಿಸು, ನುಂಗುತ್ತಿದ್ದರೆ ಕಿವಿ ನೋಯುವುದಿಲ್ಲ. ತುಂಬು ತೋಳಿನ ಬಟ್ಟೆ, ಕುತ್ತಿಗೆ ಮುಚ್ಚುವ ಟೋಪಿ. ತಂಪು ಗಾಳಿ ಇದೆ, ಬಿಸಿಲೇನು ಮಾಡುತ್ತದೆ ಅಂತ ನಾನು ಬಿಟ್ಟಿದ್ದೆ, ಮಗಳ ಕತ್ತಿನ ಹಿಂದೆ ಸಿಪ್ಪೆ ಎದ್ದಿತ್ತು. ಹತ್ತರಿಂದ ನಾಲ್ಕರವರೆಗೆ ನೆರಳು, ನಿದ್ದೆ, ಅಷ್ಟೇ.

ದೊಡ್ಡಮ್ಮ, ನೀವು ಪಾಪು ಜೊತೆ ಕಳಿಸುತ್ತೇನೆ ಅಂದ ಬೆಳ್ಳಿ ಗಣಪ ಬೇಡ. ಆ ದೇಶದ ಕಸ್ಟಮ್ಸ್‌ನಲ್ಲಿ ಪೂಜೆಯ ವಿಗ್ರಹ ತರುವಂತಿಲ್ಲ. ಮಠದ ವಿಭೂತಿ ಹಣೆಗೆ ಹಚ್ಚಿ ಕಳಿಸಿ, ಸಾಕು.

ಇಷ್ಟೆಲ್ಲ ಹೇಳಿದೆ, ನಿಜವಾದ ತಲೆನೋವು ಪಾಸ್‌ಪೋರ್ಟ್. ಪಾಪುವಿನದು ಇನ್ನೂ ಮಾಡಿಸಿಲ್ಲ ಅಲ್ವಾ ನೀವು? 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಹುಟ್ಟಿದ ದಿನಕ್ಕೆ ಬರ್ತ್ ಸರ್ಟಿಫಿಕೇಟ್ ಒಂದೇ ದಾಖಲೆ, ಆಧಾರ್ ತೋರಿಸಿದರೆ ನಡೆಯುವುದಿಲ್ಲ. ನಮ್ಮ ಮಗಳದು ತೆಗೆದು ನೋಡಿದಾಗ ಹೆಸರಿನ ಜಾಗವೇ ಖಾಲಿ! ಆಸ್ಪತ್ರೆಯಿಂದ ಹೋಗುವಾಗ ನಾಮಕರಣ ಆಗಿರಲಿಲ್ಲ, ಆಮೇಲೆ ಸೇರಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಮೊದಲ ಒಂದು ವರ್ಷ ಹೆಸರು ಸೇರಿಸುವುದಕ್ಕೆ ಶುಲ್ಕವಿಲ್ಲ, ಆಮೇಲೆ ದಂಡ ಕಟ್ಟಿ ಹದಿನೈದು ವರ್ಷದವರೆಗೂ ಸೇರಿಸಬಹುದು. ದಂಡ ಹೋಗಲಿ, ಓಡಾಟದಲ್ಲಿ ಮೂರು ವಾರ ಹೋಯಿತು ನಮಗೆ. ನಿಮ್ಮ ಹೆಸರಿನ ಇನಿಷಿಯಲ್ ಅದರಲ್ಲಿ ಒಂದು ತರ, ನಿಮ್ಮ ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು ತರ ಇದೆಯಾ ಅದನ್ನೂ ನೋಡು. ಅಪ್ಪ ಅಮ್ಮ ಇಬ್ಬರೂ ಅನೆಕ್ಷರ್ ಡಿ ಅನ್ನುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಕು. ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಿಳಿ ಹಿನ್ನೆಲೆಯ ಫೋಟೋ ನಾವೇ ಒಯ್ಯಬೇಕು. ಮಗುವನ್ನು ಬಿಳಿ ಬೆಡ್‌ಶೀಟ್ ಮೇಲೆ ಮಲಗಿಸಿ ಮೇಲಿಂದ ತೆಗೆ, ಕೂರಿಸಿದರೆ ನೆಟ್ಟಗೆ ನೋಡುವ ವಯಸ್ಸಲ್ಲ ಅದು.

ಚಿಕ್ಕಪ್ಪ, ಈಗ ನಿಮ್ಮ ಮಾತಿಗೆ ಬಂದೆ. ಡಿಸೆಂಬರ್ ಮೊದಲ ವಾರದೊಳಗೆ ಪಾಸ್‌ಪೋರ್ಟ್ ಕೈಗೆ ಬರದಿದ್ದರೆ ಅಂಡಮಾನ್‌ಗೇ ಹೋಗಲಿ. ಪೋರ್ಟ್ ಬ್ಲೇರ್‌ಗೆ ಈಗ ಶ್ರೀ ವಿಜಯಪುರಂ ಅಂತ ಹೆಸರು, 2024ರಲ್ಲಿ ಬದಲಾಯಿತು. ಅಲ್ಲಿಂದ ಹ್ಯಾವ್‌ಲಾಕ್ ದ್ವೀಪಕ್ಕೆ ಮತ್ತೆ ಹಡಗು, ಇಳಿಸಿ ಹತ್ತಿಸುವ ಲೆಕ್ಕ ಅಲ್ಲೂ ತಪ್ಪುವುದಿಲ್ಲ. ನಮ್ಮದೇ ಗಡಿಯಾರ ಇಟ್ಟುಕೊಂಡು ಅಷ್ಟು ಪೂರ್ವದಲ್ಲಿರುವುದರಿಂದ ಜನವರಿಯಲ್ಲಿ ಐದೂವರೆಗೆಲ್ಲ ಕತ್ತಲು. ಬೇಗ ಮಲಗುವ ಮಗುವಿದ್ದರೆ ಅದೂ ಒಂದು ಅನುಕೂಲವೇ. ನೀರು ಮಾತ್ರ ಅದೇ ಅಲ್ಲ ಚಿಕ್ಕಪ್ಪ, ಅಲ್ಲಿ ಕೆಲವು ಕಡೆ ಮೊಸಳೆ ಇದೆ, ಬೋರ್ಡ್ ಹಾಕಿರುತ್ತಾರೆ, ಓದಿಕೊಂಡು ಇಳಿಯಬೇಕು.

ಅಯ್ಯೋ, ಗೇಟ್ ತೆಗೆದರು. ಒಂದು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಬರುತ್ತಿದ್ದಾಳೆ ನಮ್ಮವಳು, ಇನ್ನೊಂದು ಎಲ್ಲೋ ಗೊತ್ತಿಲ್ಲ. ಪುಟ್ಟೀ, ಟಿಕೆಟ್ ಇವತ್ತು ಮಾಡಬೇಡ. ಬೀರುವಿನಿಂದ ಬರ್ತ್ ಸರ್ಟಿಫಿಕೇಟ್ ತೆಗೆದು ಫೋಟೋ ಕಳಿಸು. ಗ್ರೂಪ್‌ಗೆ ಅಲ್ಲ, ನನಗೆ.