ಹಳ್ಳಿಯ ಆರೋಗ್ಯ ಕೇಂದ್ರಕ್ಕೆ ಒಮ್ಮೆ ಮಾತ್ರ ಬರುವ ಹಣ: ಮೊದಲು ಯಾವುದಕ್ಕೆ ಹಾಕಬೇಕು?

ಪ್ರಶ್ನೆ (ಸಮಿತಿ_ಕಾರ್ಯದರ್ಶಿ):

ಸುಮಾರು 6,000 ಜನರಿಗೆ ಇರುವುದು ಒಂದೇ ಸಣ್ಣ ಆರೋಗ್ಯ ಕೇಂದ್ರ. ಕಟ್ಟಡ ಗಟ್ಟಿಯಾಗಿದೆ. ಇಬ್ಬರು ನರ್ಸ್‌ಗಳು ಅಲ್ಲೇ ಉಳಿಯುತ್ತಾರೆ, ಡಾಕ್ಟರು ವಾರಕ್ಕೆ ಎರಡು ದಿನ ಬರುತ್ತಾರೆ. ಹೆರಿಗೆ, ಲಸಿಕೆ, ಜ್ವರ, ಭೇದಿ, ಬಿಪಿ, ಶುಗರ್ ಇವೇ ಮುಖ್ಯ ಕೆಲಸ. ದಿನಕ್ಕೆ ಆರೇಳು ಗಂಟೆ ಕರೆಂಟ್ ಇರುವುದಿಲ್ಲ, ಇದ್ದಾಗಲೂ ವೋಲ್ಟೇಜ್ ಏರುಪೇರು. ದೊಡ್ಡ ಆಸ್ಪತ್ರೆ ಎರಡು ಗಂಟೆ ದೂರ.

ಈಗ ದಾನಿಯೊಬ್ಬರು ಒಂದು ಮೊತ್ತ ಕೊಡಲು ಒಪ್ಪಿದ್ದಾರೆ, ಆದರೆ ಒಂದೇ ಸಲ. ಸಮಿತಿಯಲ್ಲಿ ಕೆಲವರು ಅಲ್ಟ್ರಾಸೌಂಡ್ ಯಂತ್ರ ಬೇಕು ಅನ್ನುತ್ತಾರೆ, ಕೆಲವರು ಆಂಬುಲೆನ್ಸ್. ಇದರ ಕೆಲಸ ಗೊತ್ತಿರುವವರು ಯಾವ ಕ್ರಮದಲ್ಲಿ ಹೋಗುತ್ತಾರೆ? ಹಣ ಮುಗಿದ ಮೇಲೆ ಕೇಂದ್ರ ನಡೆಯುವುದು ಹೇಗೆ?

ಲೆಕ್ಕದ_ಪುಸ್ತಕ:

ನಿಮ್ಮ ಎರಡನೇ ಪ್ರಶ್ನೆಯನ್ನು ಮೊದಲು ಕೇಳಿಕೊಳ್ಳಿ, ಮೊದಲನೆಯದಕ್ಕೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ದಾನಿಗಳು ವಸ್ತು ಕೊಡಲು ಬೇಗ ಒಪ್ಪುತ್ತಾರೆ. ಡೀಸೆಲ್, ಫಿಲ್ಟರ್, ಬ್ಯಾಟರಿ, ಗುಡಿಸುವವರ ಸಂಬಳ ಕೊಡಿ ಅಂದರೆ ಯಾರೂ ಮುಂದೆ ಬರುವುದಿಲ್ಲ. ಕೇಂದ್ರ ನಿಂತುಹೋಗುವುದು ಮಾತ್ರ ಈ ಎರಡನೇ ಪಟ್ಟಿಯಲ್ಲಿರುವುದು ಇಲ್ಲದೆ.

ಕೊಳ್ಳಬೇಕೆನ್ನುವ ಪ್ರತಿಯೊಂದು ವಸ್ತುವಿಗೂ ಒಂದು ಹಾಳೆ ಮಾಡಿ. ಬೆಲೆ, ವರ್ಷದ ರಿಪೇರಿಗೆ ಬೆಲೆಯ ಶೇ. 5ರಿಂದ 10, ತಿಂಗಳಿಗೆ ಬೇಕಾಗುವ ಬಿಡಿಭಾಗ, ಜೆಲ್, ಸ್ಟ್ರಿಪ್, ಕಾಗದ, ಅದನ್ನು ನಡೆಸುವ ವ್ಯಕ್ತಿಯ ಹೆಸರು, ಹಾಳಾದರೆ ಯಾರು ಬರುತ್ತಾರೆ, ಎಷ್ಟು ದಿನದಲ್ಲಿ, ಎಷ್ಟನೇ ವರ್ಷ ಹೊಸದು ಬೇಕು. ಯಾವುದೇ ಕಾಲಂ ಖಾಲಿ ಉಳಿದರೆ ಆ ವಸ್ತು ಸದ್ಯಕ್ಕೆ ಬೇಡ. ನೀವು ಹೇಳಿದ ಅಲ್ಟ್ರಾಸೌಂಡ್ ಇಲ್ಲೇ ಬಿದ್ದುಹೋಗುತ್ತದೆ. ಸ್ಕ್ಯಾನ್ ಮಾಡಿ ಓದಲು ತರಬೇತಾದವರು ವಾರಕ್ಕೆ ಎರಡೇ ದಿನ ಇರುವುದಾದರೆ ಉಳಿದ ಐದು ದಿನ ಯಂತ್ರ ಬಟ್ಟೆ ಹೊದ್ದು ಕೂತಿರುತ್ತದೆ.

ಆಂಬುಲೆನ್ಸ್ ಇನ್ನೂ ಕಷ್ಟ. ಹಗಲು ರಾತ್ರಿ ಎಂದರೆ ಕನಿಷ್ಠ ಮೂರು ಡ್ರೈವರ್‌ಗಳು, ಟೈರು, ವಿಮೆ. ನಿಮ್ಮಷ್ಟು ಜನಸಂಖ್ಯೆಯಲ್ಲಿ ವರ್ಷಕ್ಕೆ ಹೆಚ್ಚೆಂದರೆ ನೂರು, ನೂರಿಪ್ಪತ್ತು ಹೆರಿಗೆ. ಅದರಲ್ಲಿ ದೊಡ್ಡ ಆಸ್ಪತ್ರೆಗೆ ಕಳಿಸಬೇಕಾದವು ಕೆಲವೇ. ಇದರ ಬದಲು ಊರಿನ ನಾಲ್ಕೈದು ಖಾಸಗಿ ವಾಹನಗಳ ಜೊತೆ ಲಿಖಿತ ಒಪ್ಪಂದ ಮಾಡಿಕೊಳ್ಳಿ. ನಿಗದಿತ ಬಾಡಿಗೆ, ದುಡ್ಡು ರೋಗಿಯ ಕೈಯಿಂದಲ್ಲ, ಸಮಿತಿಯ ಪೆಟ್ಟಿಗೆಯಿಂದ, ಅದೂ 24 ಗಂಟೆಯೊಳಗೆ. ಪಾವತಿ ತಡವಾದರೆ ಮೂರನೇ ಸಲ ರಾತ್ರಿ ವಾಹನದವರು ಫೋನ್ ಎತ್ತುವುದಿಲ್ಲ. ಈ ವ್ಯವಸ್ಥೆ ಮುರಿಯುವುದು ಬಹುಪಾಲು ಹೀಗೇ. ಹೊರಡುವ ಮೊದಲು ದೊಡ್ಡ ಆಸ್ಪತ್ರೆಗೆ ಫೋನ್ ಮಾಡಿ ಬಿಪಿ, ರಕ್ತಸ್ರಾವ, ಕೊಟ್ಟ ಔಷಧಿ ಮತ್ತು ಕೊಟ್ಟ ಸಮಯ ಹೇಳುವ ಒಂದು ಪುಟದ ಚೀಟಿ ಇರಲಿ.

ಒಟ್ಟು ಮೊತ್ತದಲ್ಲಿ ಅರ್ಧಕ್ಕಿಂತ ಹೆಚ್ಚು ವಸ್ತುಗಳಿಗೆ ಹಾಕಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಉಳಿದರ್ಧ ಬೇರೆ ಖಾತೆಯಲ್ಲಿರಲಿ, ಮೂರು ಸಹಿಯಲ್ಲಿ ಎರಡು ಬಿದ್ದರೆ ಮಾತ್ರ ತೆಗೆಯುವಂತಿರಲಿ.

ಸೌರ_ತಂತಿ:

ಮೊದಲ ಖರೀದಿ ವಿದ್ಯುತ್ ಮತ್ತು ಲಸಿಕೆ ಫ್ರಿಜ್. ಇವೆರಡನ್ನೂ ಒಂದೇ ವ್ಯವಸ್ಥೆಗೆ ಸೇರಿಸಬೇಡಿ.

ಲಸಿಕೆ ಇರಬೇಕಾದದ್ದು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಬಿಸಿಯಾದರೆ ಕೆಡುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹೆಪ್ಪುಗಟ್ಟಿದರೂ ಕೆಡುತ್ತದೆ ಅನ್ನುವುದನ್ನು ಮರೆಯುತ್ತಾರೆ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್ (ಐದು ರೋಗಗಳಿಗೆ ಒಂದೇ ಲಸಿಕೆ), ಟೆಟನಸ್ ಲಸಿಕೆಗಳಲ್ಲಿ ಅಲ್ಯೂಮಿನಿಯಂ ಲವಣ ಇರುತ್ತದೆ. ಒಮ್ಮೆ ಹೆಪ್ಪುಗಟ್ಟಿದರೆ ಅದು ಗರಣೆಗಟ್ಟಿ ಲಸಿಕೆಯ ಶಕ್ತಿ ಹೋಗುತ್ತದೆ, ಕರಗಿದ ಮೇಲೆ ಬರಿಗಣ್ಣಿಗೆ ಸುಲಭವಾಗಿ ತಿಳಿಯುವುದೂ ಇಲ್ಲ. ಸೀಸೆಯ ಮೇಲೆ ಬಣ್ಣ ಬದಲಾಗುವ ವಿವಿಎಂ ಗುರುತು ಬಿಸಿಯನ್ನು ಮಾತ್ರ ಲೆಕ್ಕ ಇಡುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳುವುದಿಲ್ಲ. ಮನೆಬಳಕೆಯ ಫ್ರಿಜ್‌ನಲ್ಲಿ ಫ್ರೀಜರ್ ಕೆಳಗಿನ ತಟ್ಟೆ ಸೊನ್ನೆಗಿಂತ ಕೆಳಗಿಳಿಯುವುದು, ಬಾಗಿಲಿನ ಕಡೆ 10 ದಾಟುವುದು ಎರಡೂ ಸಾಮಾನ್ಯ. ಅದನ್ನು ಲಸಿಕೆಗೆ ಕೊಳ್ಳಲೇಬೇಡಿ.

ನಿಮ್ಮಂಥ ಕರೆಂಟ್‌ಗೆ ಬ್ಯಾಟರಿ ಇಲ್ಲದ ಸೋಲಾರ್ ಡೈರೆಕ್ಟ್ ಡ್ರೈವ್ ಫ್ರಿಜ್ ಸರಿ. ಬಿಸಿಲಿನಲ್ಲಿ ಒಳಗಿನ ಮಂಜುಗಡ್ಡೆಯ ಪದರ ಗಟ್ಟಿಯಾಗುತ್ತದೆ, ರಾತ್ರಿ ಮತ್ತು ಮೋಡದ ದಿನ ಆ ತಂಪೇ ಸಾಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪಿಕ್ಯೂಎಸ್ (ಪರೀಕ್ಷಿಸಿ ಒಪ್ಪಿದ ಲಸಿಕೆ ಉಪಕರಣಗಳ) ಪಟ್ಟಿಯಲ್ಲಿರುವ ಮಾದರಿಗಳಿಗೆ ಬಿಸಿಲಿಲ್ಲದೆ ಕನಿಷ್ಠ ಮೂರು ದಿನ ತಡೆಯುವ ಗುಣ ಕಡ್ಡಾಯ, ಹಾಗಾಗಿ ಆ ಪಟ್ಟಿಯಿಂದಲೇ ಆರಿಸಿ. ತಯಾರಕರೇ ಸಾಕೆಟ್ ಕೊಟ್ಟಿರದಿದ್ದರೆ ಆ ಪ್ಯಾನೆಲ್‌ನಿಂದ ಬೇರೆ ತಂತಿ ಎಳೆಯಬಾರದು. ಫ್ರಿಜ್ ಒಳಗೆ 30 ದಿನದ ತಾಪಮಾನ ದಾಖಲೆ ಯಂತ್ರ ಇಡಿ. ಮೈನಸ್ 0.5 ಅಥವಾ ಅದಕ್ಕಿಂತ ಕೆಳಗೆ ಒಂದು ಗಂಟೆ, 8ರ ಮೇಲೆ ಹತ್ತು ಗಂಟೆ ಇದ್ದರೆ ಅದು ಎಚ್ಚರಿಕೆ ಕೊಡುತ್ತದೆ. ಹೊರಗೆ ಲಸಿಕೆ ಒಯ್ಯುವಾಗ ಐಸ್‌ಪ್ಯಾಕ್ ಅಲುಗಿಸಿದರೆ ನೀರು ಕುಲುಕುವ ಸದ್ದು ಬರುವವರೆಗೆ ಹೊರಗಿಟ್ಟು ಆಮೇಲೆ ಡಬ್ಬಿಗೆ ಹಾಕಬೇಕು. ನೇರವಾಗಿ ಫ್ರೀಜರ್‌ನಿಂದ ತೆಗೆದು ಹಾಕಿದರೆ ದಾರಿಯಲ್ಲೇ ಲಸಿಕೆ ಹೆಪ್ಪುಗಟ್ಟುತ್ತದೆ.

ಉಳಿದ ವಿದ್ಯುತ್ತಿಗೆ ಬ್ಯಾಟರಿ ಇರುವ ಪ್ರತ್ಯೇಕ ಸೋಲಾರ್. ಲೆಕ್ಕ ಹೀಗೆ: 350 ವ್ಯಾಟ್‌ನ ಆಕ್ಸಿಜನ್ ಕಾನ್ಸಂಟ್ರೇಟರ್ (ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವ ಯಂತ್ರ) 8 ಗಂಟೆಗೆ 2.8 ಯೂನಿಟ್, 10 ವ್ಯಾಟ್‌ನ ಆರು ದೀಪ 6 ಗಂಟೆಗೆ 0.36, 50 ವ್ಯಾಟ್‌ನ ಎರಡು ಫ್ಯಾನ್ 8 ಗಂಟೆಗೆ 0.8, ಕಂಪ್ಯೂಟರ್, ಫೋನ್ ಚಾರ್ಜಿಂಗ್ 0.3. ಒಟ್ಟು ಸುಮಾರು 4.3 ಯೂನಿಟ್. ಕಡಿಮೆ ಬಿಸಿಲಿನ ತಿಂಗಳಿಗೆ 4 ಗಂಟೆಯ ಪೂರ್ಣ ಬಿಸಿಲು, ಶೇ. 30 ನಷ್ಟ ಹಿಡಿದರೆ 4.3 ÷ (4 × 0.7), ಅಂದರೆ 1.5 ಕಿಲೋವ್ಯಾಟ್ ಪ್ಯಾನೆಲ್. ಬ್ಯಾಟರಿಯಿಂದ 5 ಯೂನಿಟ್ ಬೇಕೆಂದರೆ ಲೆಡ್ ಆಸಿಡ್‌ನಲ್ಲಿ 10 ಯೂನಿಟ್ ಸಾಮರ್ಥ್ಯ ಹಾಕಬೇಕು, ಏಕೆಂದರೆ ಅರ್ಧಕ್ಕಿಂತ ಕೆಳಗೆ ಇಳಿಸಿದರೆ ಅದರ ಆಯುಷ್ಯ ಕುಸಿಯುತ್ತದೆ. ಲಿಥಿಯಂ ಐರನ್ ಫಾಸ್ಫೇಟ್ ಆದರೆ 6.3 ಯೂನಿಟ್ ಸಾಕು. ಕಾನ್ಸಂಟ್ರೇಟರ್‌ನ ಕಂಪ್ರೆಸರ್ ಶುರುವಾಗುವಾಗ ಎರಡು ಮೂರು ಪಟ್ಟು ಎಳೆಯುವುದರಿಂದ ಇನ್ವರ್ಟರ್ 2 ಕೆವಿಎ, ಪ್ಯೂರ್ ಸೈನ್ ವೇವ್ (ಲೈನ್ ಕರೆಂಟಿನಂತೆಯೇ ನಯವಾದ ಅಲೆ ಕೊಡುವಂಥದ್ದು). ಆಟೋಕ್ಲೇವ್ (ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ಯಂತ್ರ), ನೀರು ಕಾಯಿಸುವ ಗೀಸರ್ ಈ ಸಾಲಿಗೆ ಹಚ್ಚಬಾರದು.

ಬ್ಯಾಟರಿ ಬದಲಿಸುವ ಹಣವನ್ನು ಇವತ್ತೇ ಎತ್ತಿಡಿ. ಲೆಡ್ ಆಸಿಡ್ ಹಾಕಿದ ಎಷ್ಟೋ ಕೇಂದ್ರಗಳು ನಾಲ್ಕನೇ ವರ್ಷಕ್ಕೆ ಕತ್ತಲಾಗುವುದು ಪ್ಯಾನೆಲ್ ಕೆಟ್ಟು ಅಲ್ಲ, ಬ್ಯಾಟರಿಗೆ ದುಡ್ಡಿಲ್ಲದೆ.

ಬಯೋಮೆಡಿಕಲ್_ಬೆಂಚ್:

ಹೆರಿಗೆ ಕೋಣೆಗೆ ಎಲ್ಲಕ್ಕಿಂತ ಮೊದಲು ನವಜಾತ ಶಿಶುವಿನ ಬ್ಯಾಗ್–ಮಾಸ್ಕ್ (ಕೈಯಲ್ಲಿ ಒತ್ತಿ ಉಸಿರು ಕೊಡುವ ಚೀಲ), 0 ಮತ್ತು 1 ಎರಡೂ ಅಳತೆಯ ಮಾಸ್ಕ್ ಸಹಿತ, ಎರಡು ಸೆಟ್. ಒಂದು ತೊಳೆಯಲು ಹೋದಾಗ ಇನ್ನೊಂದು ಕೈಗೆ ಸಿಗಬೇಕು. ಉಸಿರಾಡದ ಮಗುವಿಗೆ ಹುಟ್ಟಿದ ಒಂದು ನಿಮಿಷದೊಳಗೆ ಗಾಳಿ ಕೊಡಲು ಶುರುಮಾಡಬೇಕು. ಪಟ್ಟಿಯಲ್ಲಿ ಇದರಷ್ಟು ಅಗ್ಗದ, ಇದರಷ್ಟು ಜೀವ ಉಳಿಸುವ ವಸ್ತು ಬೇರೆ ಇಲ್ಲ. ಕೌಶಲ ಬೇಗ ಮರೆತುಹೋಗುತ್ತದೆ, ಆದ್ದರಿಂದ ಗೊಂಬೆಯ ಮೇಲೆ ವಾರಕ್ಕೊಮ್ಮೆ ಹತ್ತು ನಿಮಿಷ ಅಭ್ಯಾಸ.

ಆಕ್ಸಿಜನ್: 5 ಲೀಟರ್ ಕಾನ್ಸಂಟ್ರೇಟರ್ ಒಂದು, ಹಿನ್ನೆಲೆಗೆ 7,000 ಲೀಟರ್ ಹಿಡಿಯುವ ಸಿಲಿಂಡರ್ ಒಂದು. ನಿಮಿಷಕ್ಕೆ 5 ಲೀಟರ್‌ನಂತೆ ಆ ಸಿಲಿಂಡರ್ 23 ಗಂಟೆ ಬರುತ್ತದೆ. ನವಜಾತ ಶಿಶುವಿಗೆ 0.5ರಿಂದ 1, ಪುಟ್ಟ ಮಗುವಿಗೆ 1ರಿಂದ 2 ಲೀಟರ್ ಸಾಕಾಗುವುದರಿಂದ ಹರಿವನ್ನು ಹಂಚುವ ಫ್ಲೋ ಸ್ಪ್ಲಿಟರ್ ಹಾಕಿದರೆ ಒಂದೇ ಯಂತ್ರದಿಂದ ಇಬ್ಬರು ಮೂವರು ಮಕ್ಕಳಿಗೆ ಕೊಡಬಹುದು. ಮಕ್ಕಳ ಪ್ರೋಬ್ ಇರುವ ಪಲ್ಸ್ ಆಕ್ಸಿಮೀಟರ್ (ರಕ್ತದಲ್ಲಿನ ಆಕ್ಸಿಜನ್ ಅಳೆಯುವ ಸಾಧನ) ಇಲ್ಲದೆ ಇದ್ಯಾವುದನ್ನೂ ಕೊಳ್ಳಬೇಡಿ. ಬೆರಳಿಗೆ ಸಿಕ್ಕಿಸುವ ದೊಡ್ಡವರ ಕ್ಲಿಪ್ ಶಿಶುವಿನಲ್ಲಿ ಸರಿಯಾಗಿ ತೋರಿಸುವುದಿಲ್ಲ.

ಕಾನ್ಸಂಟ್ರೇಟರ್ ಕೆಡುವ ರೀತಿ ಎರಡು. ಒಂದು, ಹೊರಗಿನ ಫಿಲ್ಟರ್‌ನಲ್ಲಿ ಧೂಳು ಕಟ್ಟಿ ಕಂಪ್ರೆಸರ್ ಬಿಸಿಯಾಗುವುದು. ವಾರಕ್ಕೊಮ್ಮೆ ಸೋಪಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ ಹಾಕಿ, ಯಂತ್ರ ಗೋಡೆಯಿಂದ ಒಂದಡಿ ದೂರವಿರಲಿ. ಇನ್ನೊಂದು, ಬಳಸದೆ ಇಟ್ಟರೆ ಒಳಗಿನ ಜಿಯೊಲೈಟ್ ಹರಳು ತೇವ ಹೀರಿ ಸಾರಜನಕ ಹಿಡಿಯುವ ಶಕ್ತಿ ಕಳೆದುಕೊಳ್ಳುವುದು. ಆಗಲೂ ಗಾಳಿ ಬರುತ್ತಿರುತ್ತದೆ, ಗುಳ್ಳೆ ಏಳುತ್ತಿರುತ್ತದೆ, ಆಕ್ಸಿಜನ್ ಮಾತ್ರ ಇರುವುದಿಲ್ಲ. ಹಾಗಾಗಿ ರೋಗಿ ಇರಲಿ ಬಿಡಲಿ ವಾರಕ್ಕೆ ಕೆಲವು ಗಂಟೆ ಓಡಿಸಿ, ತಿಂಗಳಿಗೊಮ್ಮೆ ಆಕ್ಸಿಜನ್ ಅನಲೈಸರ್ ಹಿಡಿದು ನೋಡಿ. ಶೇ. 82ಕ್ಕಿಂತ ಕೆಳಗಿದ್ದರೆ ಸೇವೆಯಿಂದ ತೆಗೆಯಿರಿ. ವೋಲ್ಟೇಜ್ ಏರುಪೇರಿಗೆ ಸ್ಟೆಬಿಲೈಸರ್ ಕಡ್ಡಾಯ.

ಆಟೋಕ್ಲೇವ್‌ನಲ್ಲಿ 121 ಡಿಗ್ರಿ ಬಿಸಿ, 15 ಪಿಎಸ್‌ಐ ಒತ್ತಡ. ಬಟ್ಟೆ ಸುತ್ತದ ಉಪಕರಣಕ್ಕೆ 20 ನಿಮಿಷ, ಸುತ್ತಿದ್ದಕ್ಕೆ 30. ಸಮಯ ಎಣಿಸುವುದು ಆ ಬಿಸಿ ಮುಟ್ಟಿದ ಮೇಲಿಂದ. ಗಾಳಿ ಪೂರ್ತಿ ಹೊರಹೋಗುವ ಮುಂಚೆ ವಾಲ್ವ್ ಮುಚ್ಚಿದರೆ ಗೇಜ್ 15 ತೋರಿಸಿದರೂ ಒಳಗೆ 121 ಇರುವುದಿಲ್ಲ. ಬಣ್ಣ ಬದಲಾಗುವ ಟೇಪ್ ಬಿಸಿ ತಾಗಿದೆ ಎಂದಷ್ಟೇ ಹೇಳುತ್ತದೆ. ಕ್ರಿಮಿ ಸತ್ತಿದೆಯೇ ಎಂದು ಸ್ಪೋರ್ ಪರೀಕ್ಷೆಯೇ (ಬಿಸಿ ತಡೆಯುವ ಬ್ಯಾಕ್ಟೀರಿಯಾ ಒಳಗಿಟ್ಟು ಸತ್ತವೇ ಎಂದು ನೋಡುವುದು) ಹೇಳಬೇಕು. ಗಡಸು ನೀರು ಹಾಕಿದರೆ ಕಾಯಿಲ್ ಮೇಲೆ ಸುಣ್ಣ ಕಟ್ಟುತ್ತದೆ, ಮಳೆನೀರು ಸೋಸಿ ಹಾಕಬಹುದು. ಮುಚ್ಚಳದ ಗ್ಯಾಸ್ಕೆಟ್ (ಹಬೆ ಸೋರದಂತೆ ತಡೆಯುವ ರಬ್ಬರ್ ಬಳೆ) ಎರಡು ಹೆಚ್ಚುವರಿ ಇಟ್ಟುಕೊಳ್ಳಿ.

ಸಮಿತಿ_ಕಾರ್ಯದರ್ಶಿ:

ತುಂಬ ಉಪಯೋಗವಾಯಿತು. ಇನ್ನೊಂದು: ದಾನಿಯ ಪರಿಚಯದವರು ಎರಡು ಪೆಟ್ಟಿಗೆ ಔಷಧಿಯನ್ನೂ ಕಳಿಸುತ್ತೇವೆ ಅಂದಿದ್ದಾರೆ. ಬಿಪಿ ಮಾತ್ರೆ ಪದೇ ಪದೇ ಖಾಲಿಯಾಗುವುದು ನಮ್ಮ ದೊಡ್ಡ ತೊಂದರೆ.

ದಾಸ್ತಾನು_ಕೋಣೆ:

ಪೆಟ್ಟಿಗೆ ಒಪ್ಪಿಕೊಳ್ಳುವ ಮೊದಲು ಪಟ್ಟಿ ತರಿಸಿಕೊಳ್ಳಿ. ನಿಮ್ಮ ಚಿಕಿತ್ಸಾ ಪಟ್ಟಿಯಲ್ಲಿ ಇರದ ಔಷಧಿ, ಕೈಸೇರುವಾಗ ಅವಧಿ ಒಂದು ವರ್ಷಕ್ಕಿಂತ ಕಡಿಮೆ ಉಳಿದದ್ದು, ರೋಗಿಗಳು ಹಿಂತಿರುಗಿಸಿದ್ದು ಬೇಡವೆನ್ನಿ. ವಿಶ್ವ ಆರೋಗ್ಯ ಸಂಸ್ಥೆಯ ಔಷಧಿ ದಾನದ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬೇಡದ ಔಷಧಿಯನ್ನು ಸರಿಯಾಗಿ ಸುಟ್ಟುಹಾಕುವ ಖರ್ಚು ನಿಮ್ಮ ತಲೆಗೇ ಬರುತ್ತದೆ.

ಬಿಪಿ ಮಾತ್ರೆ ಖಾಲಿಯಾಗುತ್ತಲೇ ಇರಲು ಸಾಮಾನ್ಯ ಕಾರಣ ತಪ್ಪು ಸರಾಸರಿ. ಆರು ತಿಂಗಳಲ್ಲಿ ಅಮ್ಲೊಡಿಪಿನ್ ಎಂಬ ಬಿಪಿ ಮಾತ್ರೆ 18,000 ಕೊಟ್ಟಿದ್ದೀರಿ, ಆದರೆ ಅದರಲ್ಲಿ 61 ದಿನ ಸ್ಟಾಕೇ ಇರಲಿಲ್ಲ ಅಂದುಕೊಳ್ಳಿ. 18,000ವನ್ನು ಆರರಿಂದ ಭಾಗಿಸಿದರೆ 3,000 ಬರುತ್ತದೆ, ಅಷ್ಟೇ ತರಿಸುತ್ತೀರಿ, ಮತ್ತೆ ಖಾಲಿ. ಸ್ಟಾಕ್ ಇದ್ದದ್ದು ನಾಲ್ಕೇ ತಿಂಗಳಾದ್ದರಿಂದ ನಿಜವಾದ ಸರಾಸರಿ 4,500. ರಿಜಿಸ್ಟರ್ ತೆಗೆದು ತಾಳೆ ನೋಡಿ: 150 ರೋಗಿಗಳು, ದಿನಕ್ಕೊಂದು, 30 ದಿನ, ಅದೇ 4,500.

ಔಷಧಿ ಬರಲು ಎರಡು ತಿಂಗಳು ಹಿಡಿದರೆ, ಮೂರು ತಿಂಗಳಿಗೊಮ್ಮೆ ಆರ್ಡರ್ ಹಾಕಿದರೆ, ಎರಡು ತಿಂಗಳ ಕಾಪು ದಾಸ್ತಾನು ಇಟ್ಟರೆ: 4,500 × (2 + 3) + 9,000 = 31,500. ಕೈಯಲ್ಲಿರುವುದನ್ನೂ ದಾರಿಯಲ್ಲಿರುವುದನ್ನೂ ಇದರಿಂದ ಕಳೆದು ಉಳಿದದ್ದಕ್ಕೆ ಆರ್ಡರ್ ಹಾಕಿ. ಓಆರ್‌ಎಸ್‌ಗೆ ಈ ಸರಾಸರಿ ನಡೆಯುವುದಿಲ್ಲ, ಹೋದ ವರ್ಷದ ಅದೇ ತಿಂಗಳುಗಳ ಬಳಕೆ ನೋಡಬೇಕು. ಭೇದಿಯ ಮಗುವಿಗೆ ಓಆರ್‌ಎಸ್ ಜೊತೆ ಜಿಂಕ್ ಕೂಡ ಹತ್ತರಿಂದ ಹದಿನಾಲ್ಕು ದಿನ ಕೊಡಬೇಕು. ಆದ್ದರಿಂದ ಎರಡನ್ನೂ ಒಟ್ಟಿಗೇ ಲೆಕ್ಕ ಹಾಕಿ.

ಆಕ್ಸಿಟೋಸಿನ್ (ಹೆರಿಗೆಯ ನಂತರದ ರಕ್ತಸ್ರಾವ ತಡೆಯುವ ಇಂಜೆಕ್ಷನ್) ಕೂಡ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಹೆರಿಗೆ ಕೋಣೆಯ ಟ್ರೇನಲ್ಲಿ ವಾರಗಟ್ಟಲೆ ಬಿದ್ದಿದ್ದ ಆಂಪೂಲ್ ರಕ್ತಸ್ರಾವ ನಿಲ್ಲಿಸದೆ ಹೋದರೆ ತಪ್ಪು ಔಷಧಿಯದಲ್ಲ.

ಊರ_ನಿಧಿ:

ನಡೆಸುವ ಹಣದ ಬಗ್ಗೆ. 1987ರ ಬಮಾಕೊ ಕಾರ್ಯಕ್ರಮ ಆಫ್ರಿಕಾದ ಹಲವು ದೇಶಗಳಲ್ಲಿ ಔಷಧಿ ಮಾರಿ ಬಂದ ಹಣದಿಂದಲೇ ಮತ್ತೆ ಔಷಧಿ ತರಿಸುವ ಸುತ್ತುನಿಧಿಯನ್ನು ಹರಡಿತು. ಅದು ಸೋರುವ ಜಾಗ ನೋಡಿ. 100ರ ಔಷಧಿಯಲ್ಲಿ 10 ಬಡವರಿಗೆ ಉಚಿತ, 5 ಅವಧಿ ಮುಗಿದು ಹೋಗುತ್ತದೆ, ಮಾರಾಟಕ್ಕೆ ಉಳಿಯುವುದು 85. ಅಷ್ಟರಲ್ಲಿ ಬೆಲೆ ಶೇ. 8 ಏರಿದೆ, ಸಾಗಣೆಗೆ 5. ಅದೇ ಸ್ಟಾಕ್ ತುಂಬಲು 113 ಬೇಕು. ಅಂದರೆ ಕೊಂಡ ಬೆಲೆಗಿಂತ ಶೇ. 33 ಹೆಚ್ಚಿಗೆ ಮಾರಬೇಕು. ಉಚಿತದ 10ನ್ನು ಬೇರೆ ಪೆಟ್ಟಿಗೆಯಿಂದ ತುಂಬಿಕೊಟ್ಟರೆ ಅದು ಶೇ. 21ಕ್ಕೆ ಇಳಿಯುತ್ತದೆ. ತುಂಬಿಕೊಡದಿದ್ದರೆ ಕೇಂದ್ರದವರೇ ಬಡವರಿಗೆ ಇಲ್ಲ ಅನ್ನಲು ಶುರುಮಾಡುತ್ತಾರೆ. ಸಂಬಳವನ್ನೂ ಮಾರಾಟಕ್ಕೆ ಗಂಟುಹಾಕಿದರೆ ಬೇಡದ ಇಂಜೆಕ್ಷನ್‌ಗಳು ಹೆಚ್ಚುತ್ತವೆ.

ತಪಾಸಣೆಗೆ ಬಾಗಿಲಲ್ಲೇ ಶುಲ್ಕ ಬೇಡ. ಉಗಾಂಡಾ 2001ರಲ್ಲಿ ಸರ್ಕಾರಿ ಕೇಂದ್ರಗಳ ಶುಲ್ಕ ತೆಗೆದಾಗ ಬರುವ ರೋಗಿಗಳು, ಅದರಲ್ಲೂ ಬಡವರು, ಬಹಳ ಹೆಚ್ಚಿದರು. ಜೊತೆಗೇ ಔಷಧಿ ಕೊರತೆಯೂ ಕಾಣಿಸಿತು. ಶುಲ್ಕ ತೆಗೆಯುವ ದಿನಕ್ಕೆ ಮುಂಚೆ ಹೆಚ್ಚಿನ ಸ್ಟಾಕ್ ಬಂದಿರಬೇಕು.

ಊರಿನದೇ ಆರೋಗ್ಯ ವಿಮೆ ಮಾಡಬೇಕೆಂಬ ಯೋಚನೆ ಬಂದರೆ, 6,000 ಜನ ಅದಕ್ಕೆ ತೀರಾ ಚಿಕ್ಕ ಗುಂಪು. ಎರಡು ದೊಡ್ಡ ಶಸ್ತ್ರಚಿಕಿತ್ಸೆ ಒಟ್ಟಿಗೆ ಬಂದರೆ ನಿಧಿ ಬರಿದು. ರುವಾಂಡಾದಲ್ಲಿ 1999ರ ಪ್ರಯೋಗಗಳಿಂದ ಶುರುವಾದ ಮ್ಯೂಚುಯಲ್ ವಿಮೆ (ಸದಸ್ಯರೇ ವಂತಿಗೆ ಹಾಕಿ ನಡೆಸುವಂಥದ್ದು) ದೇಶಕ್ಕೆಲ್ಲ ಹಬ್ಬಿದ್ದು ಸರ್ಕಾರ ಮತ್ತು ದಾನಿಗಳ ಹಣ ಸೇರಿ, ಮೇಲಿನ ಹಂತದಲ್ಲಿ ನಿಧಿ ಒಂದುಗೂಡಿದ ಮೇಲೆ. ಥಾಯ್ಲೆಂಡ್ 2001ರಲ್ಲಿ ಆರಂಭಿಸಿದ 30 ಬಾತ್ ಯೋಜನೆ ತೆರಿಗೆಯ ದುಡ್ಡಿನಿಂದ ತಲೆಗಿಷ್ಟು ಎಂದು ಆಸ್ಪತ್ರೆಗಳಿಗೆ ಕೊಟ್ಟಿತು. ಆ 30 ಬಾತ್ (ಅಲ್ಲಿನ ನಾಣ್ಯ) ಆಗ ರೋಗಿ ಕೊಡುತ್ತಿದ್ದ ಸಣ್ಣ ಪಾಲು ಮಾತ್ರ. ಹಳ್ಳಿಯೊಂದೇ ತನ್ನ ಆಸ್ಪತ್ರೆ ಖರ್ಚನ್ನೆಲ್ಲ ಹೊರಬೇಕು ಅನ್ನುವುದು ನ್ಯಾಯವೂ ಅಲ್ಲ, ಲೆಕ್ಕಕ್ಕೂ ಕೂಡುವುದಿಲ್ಲ. ಸಂಬಳ, ಲಸಿಕೆ, ಮೂಲ ಔಷಧಿ ಸರ್ಕಾರದ ಬಜೆಟ್‌ನಿಂದಲೇ ಬರಬೇಕು. ಅದಕ್ಕಾಗಿ ದಾಸ್ತಾನು_ಕೋಣೆ ಹೇಳಿದ ಲೆಕ್ಕವನ್ನೇ ಪುರಾವೆಯಾಗಿ ಇಟ್ಟು ಬರೆಯಿರಿ: ಎಷ್ಟು ದಿನ ಯಾವ ಔಷಧಿ ಇರಲಿಲ್ಲ, ಎಷ್ಟು ರೋಗಿಗಳು ಬರಿಗೈಲಿ ಹೋದರು.

ಊರಿನ ನಿಧಿ ಎರಡಕ್ಕೆ ಸೀಮಿತವಾಗಿರಲಿ: ದೊಡ್ಡ ಆಸ್ಪತ್ರೆಗೆ ಒಯ್ಯುವ ಬಾಡಿಗೆ ಮತ್ತು ಯಂತ್ರಗಳ ರಿಪೇರಿ. ವಂತಿಗೆ ಮನೆಗೊಂದರಂತೆ ಇರಲಿ. ತಲೆಗೊಂದರಂತೆ ಇಟ್ಟರೆ ಕಾಯಿಲೆ ಇರುವವರನ್ನು ಮಾತ್ರ ಸೇರಿಸುತ್ತಾರೆ. ಫಸಲು ಕೈಗೆ ಬರುವ ತಿಂಗಳಲ್ಲಿ ವಸೂಲಿ ಮಾಡಿ. ಜಮಾ, ಖರ್ಚು, ಉಳಿಕೆ ಪ್ರತಿ ತಿಂಗಳ ಮೊದಲ ವಾರ ಕೇಂದ್ರದ ಹೊರಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆಯಬೇಕು. ರೋಗಿಗಳ ಹೆಸರು ಮಾತ್ರ ಅಲ್ಲಿ ಬರಬಾರದು, "ಬಾಡಿಗೆ, ಹೆರಿಗೆ, 1" ಅಂದರೆ ಸಾಕು.