ಮರುವಾಯಿ ತೆಗೆಯಬೇಡಿ ಅಂತ ಬೋರ್ಡ್ ಹಾಕಿದ್ದಾರೆ, ಅತ್ತೆಗೆ ಹೇಗೆ ಹೇಳಲಿ?

ಕೇಳಿದವರು, ಸಿಯಾಟಲ್‌ನಿಂದ:

ಅತ್ತೆ ಮಾವ ಮೂಲ್ಕಿಯಿಂದ ಬಂದು ತಿಂಗಳಾಯಿತು. ಹೋದ ಭಾನುವಾರ ವಿಡ್ಬಿ ದ್ವೀಪಕ್ಕೆ ಕರೆದುಕೊಂಡು ಹೋಗಿದ್ದೆವು. ನೀರು ಇಳಿದಿತ್ತು. ಅತ್ತೆ ಸೀರೆ ಎತ್ತಿ ಕಟ್ಟಿ, ಕಾಲ್ಬೆರಳಲ್ಲಿ ಮರಳು ಕೆದಕಿ, ಹತ್ತೇ ನಿಮಿಷದಲ್ಲಿ ಒಂದು ಬೊಗಸೆ ಮರುವಾಯಿ (ಮರಳಲ್ಲಿ ಹೂತಿರುವ, ತಿನ್ನುವ ಚಿಪ್ಪು) ತೆಗೆದರು. ಅವರನ್ನು ಅಷ್ಟು ಖುಷಿಯಾಗಿ ನಾನು ಇಲ್ಲಿ ನೋಡೇ ಇರಲಿಲ್ಲ. ಆಮೇಲೆ ಬೋರ್ಡ್ ಕಂಡಿತು: ವಿಷ ಇದೆ, ಚಿಪ್ಪು ತೆಗೆಯಬಾರದು. ಅಲ್ಲೇ ಬಿಟ್ಟು ಬಂದೆವು. "ನೀರು ಕನ್ನಡಿ ಹಾಗಿದೆ, ಚೆನ್ನಾಗಿ ಬೇಯಿಸಿದರೆ ಆಯ್ತಲ್ಲ" ಅಂತಾರೆ. ಗಂಡನದ್ದೂ ಅದೇ ಮಾತು. ಮುಂದಿನ ವಾರ ಮತ್ತೆ ಹೋಗುವ ಯೋಚನೆ ಇದೆ. ನಿಜಕ್ಕೂ ಎಷ್ಟು ಅಪಾಯ? ಗೊತ್ತಿದ್ದವರು ಹೇಳಿ.

ಪೋರ್ಟ್‌ಲ್ಯಾಂಡ್‌ನಿಂದ:

ದಯವಿಟ್ಟು ಬೇಡ. 2024ರ ಮೇ ಕೊನೆಯಲ್ಲಿ ಒರೆಗಾನ್‌ನಲ್ಲಿ ಆದದ್ದನ್ನು ಹತ್ತಿರದಿಂದ ನೋಡಿದ್ದೇನೆ. ನಮ್ಮ ಪಕ್ಕದ ಮನೆಯವರು ರಜೆಯಲ್ಲಿ ಸಮುದ್ರಕ್ಕೆ ಹೋಗಿ ಬಂಡೆಯಿಂದ ಪಚ್ಚಿಲೆ ಅನ್ನುವ ಚಿಪ್ಪು ಕಿತ್ತು ತಂದಿದ್ದರು. ಬೆಳ್ಳುಳ್ಳಿ ಹಾಕಿ ಬೇಯಿಸಿ ತಿಂದರು. ರುಚಿ ಚೆನ್ನಾಗೇ ಇತ್ತಂತೆ. ಅರ್ಧ ಗಂಟೆಯಲ್ಲಿ ಅವರಿಗೆ ತುಟಿ ಜುಮ್ ಅನ್ನೋಕೆ ಶುರುವಾಯಿತು. ಖಾರ ಜಾಸ್ತಿ ಆಯ್ತೇನೋ ಅಂದುಕೊಂಡರು. ಆಮೇಲೆ ನಾಲಿಗೆ, ಬೆರಳ ತುದಿ. ಲೋಟ ಹಿಡಿದರೆ ಕೈಯಲ್ಲಿ ಲೋಟ ಇದೆ ಅಂತಲೇ ಗೊತ್ತಾಗುತ್ತಿರಲಿಲ್ಲವಂತೆ. ಆಸ್ಪತ್ರೆಯಲ್ಲಿ ಒಂದು ರಾತ್ರಿ ಇಟ್ಟುಕೊಂಡರು. ಪುಣ್ಯಕ್ಕೆ ಉಸಿರಿಗೆ ತೊಂದರೆ ಆಗಲಿಲ್ಲ.

ಆ ಸಲ ಇಪ್ಪತ್ತಕ್ಕೂ ಹೆಚ್ಚು ಜನರಿಗೆ ಹೀಗಾಯಿತು. ವಾಷಿಂಗ್ಟನ್ ಗಡಿಯಿಂದ ಕ್ಯಾಲಿಫೋರ್ನಿಯಾ ಗಡಿಯವರೆಗೆ ಇಡೀ ಒರೆಗಾನ್ ಕರಾವಳಿಯಲ್ಲಿ ಪಚ್ಚಿಲೆ ಕೀಳುವುದನ್ನು ನಿಲ್ಲಿಸಿದರು.

ಮಂಗಳೂರಿನಿಂದ:

ನಾನು ಮೀನುಗಾರಿಕೆ ಓದಿದವನು. "ಚೆನ್ನಾಗಿ ಬೇಯಿಸಿದರೆ ಆಯ್ತು" ಅನ್ನುವ ಮಾತೊಂದು ಮನಸ್ಸಿಂದ ಹೋದರೆ ಸಾಕು. ಇದು ಕೊಳಕು ನೀರಿನ ಕಥೆ ಅಲ್ಲ, ಕ್ರಿಮಿಯ ಕಥೆಯೂ ಅಲ್ಲ. ಸಮುದ್ರದಲ್ಲಿ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಅದರಲ್ಲಿ ಅಲೆಕ್ಸಾಂಡ್ರಿಯಂ ಅಂತ ಒಂದು ಜಾತಿ ಸ್ಯಾಕ್ಸಿಟಾಕ್ಸಿನ್ ಅನ್ನುವ ವಿಷ ಮಾಡುತ್ತದೆ. ಮರುವಾಯಿ, ಪಚ್ಚಿಲೆಗಳಿಗೆ ನೀರು ಸೋಸಿ ಸಿಕ್ಕಿದ್ದೇ ಊಟ. ಪಾಚಿಯ ಜೊತೆ ವಿಷವೂ ಒಳಗೆ ಸೇರುತ್ತದೆ. ಚಿಪ್ಪಿಗೆ ಏನೂ ಆಗಲ್ಲ, ತಿಂದವರಿಗೆ ಆಗುತ್ತದೆ. ಕುದಿಸಿದರೂ ಹುರಿದರೂ ಫ್ರೀಜರ್‌ನಲ್ಲಿ ಇಟ್ಟರೂ ಅದು ಹೋಗಲ್ಲ. ವಾಸನೆ ಇಲ್ಲ, ಬಣ್ಣ ಇಲ್ಲ. ನೀರು ಕೆಂಪಾಗಲೇಬೇಕು ಅಂತಲೂ ಇಲ್ಲ. 100 ಗ್ರಾಂ ಮಾಂಸದಲ್ಲಿ 80 ಮೈಕ್ರೋಗ್ರಾಂ ಮುಟ್ಟಿದರೆ ಅಲ್ಲಿ ಬಂದ್ ಮಾಡುತ್ತಾರೆ. ಒಂದು ಚಿಟಿಕೆ ಉಪ್ಪನ್ನು ಸಾವಿರ ಪಾಲು ಮಾಡಿದರೆ ಒಂದು ಪಾಲು ಬರುತ್ತಲ್ಲ, ಅದಕ್ಕಿಂತಲೂ ಕಡಿಮೆ.

ಅತ್ತೆಯವರಿಗೆ ಅಮೆರಿಕದ ಕಥೆ ಹೇಳಬೇಡಿ, ಮಂಗಳೂರಿನ ದಕ್ಷಿಣಕ್ಕಿರುವ ಕುಂಬಳೆಯದ್ದು ಹೇಳಿ. 1983ರಲ್ಲಿ ಅಲ್ಲಿನ ಅಳಿವೆಯ ಮರುವಾಯಿ ತಿಂದು ಒಬ್ಬ ಹುಡುಗ ತೀರಿಕೊಂಡ. ಇದೇ ಜಾತಿಯ ವಿಷ. ಮೂಲ್ಕಿಯಿಂದ ಎಷ್ಟು ದೂರ? 1997ರಲ್ಲಿ ಕೇರಳದ ವಿಳಿಂಜಂನಲ್ಲಿ ಪಚ್ಚಿಲೆ ತಿಂದು ಏಳು ಜನ ಸತ್ತರು. ನಮ್ಮ ಕಡಲಲ್ಲೂ ಆಗಿದೆ. ಬೋರ್ಡ್ ಹಾಕುವ ವ್ಯವಸ್ಥೆ ಇರಲಿಲ್ಲ, ಅಷ್ಟೇ.

ವಿಕ್ಟೋರಿಯಾದಿಂದ (ನರ್ಸ್):

ತುಟಿ ಮರಗಟ್ಟಿದರೆ ಮಲಗಿದರೆ ಸರಿ ಹೋಗುತ್ತದೆ ಅಂತ ಕಾಯಬೇಡಿ. ಮಜ್ಜಿಗೆ, ನಿಂಬೆಹಣ್ಣು ಅಂತ ಹೊತ್ತು ಕಳೆಯಬೇಡಿ. ಕೂಡಲೇ 911ಕ್ಕೆ ಫೋನ್ ಮಾಡಿ, ಚಿಪ್ಪು ತಿಂದದ್ದನ್ನು ಮೊದಲು ಹೇಳಿ. ಈ ವಿಷಕ್ಕೆ ಮದ್ದಿಲ್ಲ. ಜಾಸ್ತಿ ಹೋಗಿದ್ದರೆ ಎದೆಯ ಸ್ನಾಯು ಕೆಲಸ ನಿಲ್ಲಿಸುತ್ತದೆ. ಎಚ್ಚರ ಇರುತ್ತದೆ, ಉಸಿರು ಮಾತ್ರ ಎಳೆಯೋಕೆ ಆಗಲ್ಲ. ಹೊತ್ತಿಗೆ ಸರಿಯಾಗಿ ಯಂತ್ರದಲ್ಲಿ ಉಸಿರು ಕೊಟ್ಟರೆ ವಿಷ ಇಳಿದ ಮೇಲೆ ಜನ ಎದ್ದು ಕೂರುತ್ತಾರೆ.

ಸಿಯಾಟಲ್‌ನಿಂದ, ಇಲ್ಲಿ 19 ವರ್ಷ:

ನನ್ನ ಅಮ್ಮನೂ ಹೀಗೇ. ಉಳ್ಳಾಲದವರು. ಬೇಡ ಅಂದರೆ "ನಾನು ಹುಟ್ಟಿದಾಗಿಂದ ತಿಂತಾ ಇದ್ದೇನೆ, ನನಗೇನಾಗಿದೆ?" ಅನ್ನೋರು. ವಾದ ಮಾಡಿ ಪ್ರಯೋಜನ ಇಲ್ಲ. ಪಾಪ, ಅವರಿಗೆ ಇಲ್ಲಿ ಗೊತ್ತಿರುವ ಕೆಲಸ ಅಂತ ಸಿಕ್ಕಿದ್ದು ಅದೊಂದೇ. ಹಾಗಾಗಿ ಹೆಕ್ಕುವುದನ್ನೇ ತಪ್ಪಿಸಬೇಡಿ, ತೆರೆದಿರುವ ಬೀಚ್ ಹುಡುಕಿ ಕರೆದುಕೊಂಡು ಹೋಗಿ.

ವಾಷಿಂಗ್ಟನ್ ಆರೋಗ್ಯ ಇಲಾಖೆಯ ಚಿಪ್ಪು ಸುರಕ್ಷತೆ ಮ್ಯಾಪ್ ಆನ್‌ಲೈನ್‌ನಲ್ಲಿ ಇದೆ. ಹೊರಡುವ ದಿನ ಬೆಳಿಗ್ಗೆಯೇ ನೋಡಿ, ಹಿಂದಿನ ವಾರದ್ದನ್ನು ನಂಬಬೇಡಿ. ವಿಷ ಕೆಲವೇ ದಿನಗಳಲ್ಲಿ ಏರುತ್ತದೆ, ಅದಕ್ಕೇ ತುರ್ತಾಗಿ ಮುಚ್ಚುತ್ತಾರೆ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ತೆರೆದಿದೆ ಅಂತಲೂ ಅಲ್ಲ. ಮೀನು ಮತ್ತು ವನ್ಯಜೀವಿ ಇಲಾಖೆಯ ಸೀಸನ್ ಬೇರೆ, ಆರೋಗ್ಯ ಇಲಾಖೆಯ ಒಪ್ಪಿಗೆ ಬೇರೆ. ಎರಡೂ ಇರಬೇಕು. ಲೈಸೆನ್ಸ್ ಅತ್ತೆಗೂ ಬೇಕು. ಅಗೆದ ಗುಂಡಿ ಮುಚ್ಚುವುದೂ ಕಾನೂನೇ.

ಯಾವ ಚಿಪ್ಪು ಅನ್ನುವುದೂ ಮುಖ್ಯ. ಪಚ್ಚಿಲೆಗೆ ವಿಷ ಬೇಗ ಏರಿ ಬೇಗ ಇಳಿಯುತ್ತದೆ. ಬಟರ್ ಕ್ಲ್ಯಾಮ್ ಅನ್ನುವ ದಪ್ಪ ಬಿಳಿ ಮರುವಾಯಿ ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುತ್ತದೆ. ಒಂದೇ ಬೀಚ್‌ನಲ್ಲಿ ಒಂದನ್ನು ತೆಗೆಯಬಹುದು, ಇನ್ನೊಂದನ್ನು ತೆಗೆಯಬಾರದು ಅಂತ ಇರುವುದು ಇದಕ್ಕೇ.

ನಿಮ್ಮ ಮನೆಯವರು ಬೇಯಿಸಿದರೆ ಸಾಕು ಅನ್ನುವುದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಬೇಸಿಗೆಯಲ್ಲಿ ವಿಬ್ರಿಯೋ ಅನ್ನುವ ಬ್ಯಾಕ್ಟೀರಿಯಾ ಬಗ್ಗೆಯೂ ಎಚ್ಚರಿಕೆ ಹಾಕುತ್ತಾರೆ. ಅದು ಬೇಯಿಸಿದರೆ ಸಾಯುತ್ತದೆ. ಎರಡೂ ಒಂದೇ ಅಂದುಕೊಂಡರೆ ಕೆಟ್ಟಿತು. ಬೋರ್ಡ್ ಓದುವಾಗ ಯಾವುದು ಅಂತ ನೋಡಿ.

ತೆರೆದ ಬೀಚ್ ಸಿಗದೇ ಇದ್ದರೆ ಅಂಗಡಿಯಿಂದ ಮನಿಲಾ ಕ್ಲ್ಯಾಮ್ ತನ್ನಿ. ಮಾರಾಟದ ಚಿಪ್ಪಿಗೆ ಪರೀಕ್ಷೆ ಇರುತ್ತದೆ, ಎಲ್ಲಿ ಯಾವಾಗ ತೆಗೆದದ್ದು ಅಂತ ಚೀಲದ ಚೀಟಿಯಲ್ಲಿ ಬರೆದಿರುತ್ತದೆ. ಅಮ್ಮ ಮೊದಲು ಮೂಗು ಮುರಿದರು. ಆಮೇಲೆ ತೆಂಗಿನಕಾಯಿ ಹುರಿದು ಸುಕ್ಕ ಮಾಡಿ, ಪುಂಡಿ ಅನ್ನುವ ಅಕ್ಕಿ ಕಡುಬಿನ ಜೊತೆ ಬಡಿಸಿ, "ನಮ್ಮ ಉಳ್ಳಾಲದಷ್ಟು ಸಿಹಿ ಇಲ್ಲ, ಆದರೂ ಆಗಬಹುದು" ಅಂದರು.

ಕೇಳಿದವರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕುಂಬಳೆ ಅಂದ ಕೂಡಲೇ ಅತ್ತೆ ಸುಮ್ಮನಾದರು. ಅಲ್ಲಿ ಅವರ ತಂಗಿಯ ಮನೆ ಇದೆ. ಸ್ವಲ್ಪ ಹೊತ್ತು ಬಿಟ್ಟು "ಆ ಮ್ಯಾಪ್ ನನಗೂ ತೋರಿಸು" ಅಂದರು. ಈಗ ಮಾವನ ಪ್ರಶ್ನೆ: ಏಡಿ ಹಿಡಿಯಬಹುದಾ?

ಮಂಗಳೂರಿನಿಂದ:

ಏಡಿಯ ಸೀಸನ್ ತೆರೆದಿದ್ದರೆ ಹಿಡಿಯಬಹುದು. ವಿಷ ಇದ್ದರೆ ಅದು ಹೊಟ್ಟೆಯ ಭಾಗದಲ್ಲಿ ಸೇರುತ್ತದೆ. ನಾವು ಬೆರಳಲ್ಲಿ ತೆಗೆದು ಚಪ್ಪರಿಸುವ ಹಳದಿ ಭಾಗ ಇದೆಯಲ್ಲ, ಅಲ್ಲಿ. ಬೇಯಿಸುವ ಮೊದಲೇ ಚಿಪ್ಪು ಬಿಚ್ಚಿ ಅದನ್ನೆಲ್ಲ ತೊಳೆದು ತೆಗೆದುಬಿಡಿ. ಇಡಿಯಾಗಿ ಬೇಯಿಸಿದ್ದರೆ ಆ ನೀರನ್ನು ಸಾರಿಗೆ ಹಾಕಬೇಡಿ, ಚೆಲ್ಲಿಬಿಡಿ.